ಊರಿನ ಮನೆಯ ಕಂಪ್ಯೂಟರ್, ಬೇರೆ ಊರಿನಲ್ಲಿ ನೀವು: ರಿಮೋಟ್ ಆಕ್ಸೆಸ್‌ಗೆ ಸಮಗ್ರ ಮಾರ್ಗದರ್ಶಿ

ರಿಮೋಟ್ ಆಕ್ಸೆಸ್, ಅಂದರೆ ದೂರದಿಂದಲೇ ಮನೆಯ ಕಂಪ್ಯೂಟರ್ ಬಳಸುವುದು, ಅಂದ ತಕ್ಷಣ ಎಲ್ಲರೂ ಮೊದಲು ಕೇಳುವುದು, ಯಾವ ಸಾಫ್ಟ್‌ವೇರ್ ಹಾಕಬೇಕು ಅಂತ. ಸಾಫ್ಟ್‌ವೇರ್ ಹಾಕುವುದು ಹತ್ತು ಹದಿನೈದು ನಿಮಿಷದ ಕೆಲಸ. ಅಸಲಿ ಕೆಲಸ ಬೇರೆ ಕಡೆ ಇದೆ. ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ತಾನಾಗಿಯೇ ಆನ್ ಆಗಬೇಕು. ರೌಟರ್ ಆರಿಹೋಗಬಾರದು. ಯಾರೂ ಮುಟ್ಟಲಿಲ್ಲ ಅಂತ ಕಂಪ್ಯೂಟರ್ ಸ್ಲೀಪ್‌ಗೆ ಹೋಗಬಾರದು. ನೀವು ಒಳಗೆ ಬರುವ ದಾರಿಯಲ್ಲಿ ಇನ್ನೊಬ್ಬ ಬರಬಾರದು. ಇಷ್ಟು ಸರಿಯಿದ್ದರೆ ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ಇಷ್ಟು ಸರಿಯಿಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಆದರೂ ‘ಆಫ್‌ಲೈನ್’ ಅಂತ ತೋರಿಸಿ ಸುಮ್ಮನಾಗುತ್ತದೆ.

ಇಲ್ಲಿ ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇನೆ. ಊರಿನಲ್ಲಿ ವಿಂಡೋಸ್ 11 ಇರುವ ಒಂದು ಡೆಸ್ಕ್‌ಟಾಪ್, ಫೈಬರ್ ಇಂಟರ್ನೆಟ್, ಮನೆಯಲ್ಲಿ ಅಪ್ಪ, ಅಮ್ಮ. ನೀವು ಬೆಂಗಳೂರಿನ ಪಿಜಿಯಲ್ಲೋ ಪುಣೆಯಲ್ಲೋ ದುಬೈಯಲ್ಲೋ ಇದ್ದೀರಿ. ಕೈಯಲ್ಲಿ ಒಂದು ಲ್ಯಾಪ್‌ಟಾಪ್ ಅಥವಾ ಬರೀ ಒಂದು ಫೋನ್ ಇದೆ. ಇದೆಲ್ಲವನ್ನೂ ಊರಿಗೆ ಹೋದಾಗ, ಹೊರಡುವುದಕ್ಕೆ ಎರಡು ದಿನ ಮೊದಲೇ ಮಾಡಿ ಮುಗಿಸಿ. ಬಸ್ಸಿಗೆ ಹೊತ್ತಾಗಿದೆ ಅಂತ ಗಡಿಬಿಡಿಯಲ್ಲಿ ಮಾಡುವ ಕೆಲಸ ಅಲ್ಲ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ನಾಲ್ಕು ಫೈಲು ಮಾತ್ರ ಅಂತಾದರೆ ರಿಮೋಟ್ ಆಕ್ಸೆಸ್ ಬೇಡವೇ ಬೇಡ. ಆ ಫೋಲ್ಡರನ್ನು ಗೂಗಲ್ ಡ್ರೈವ್‌ಗೋ ಒನ್‌ಡ್ರೈವ್‌ಗೋ ಹಾಕಿಬಿಡಿ. ಮನೆಯ ಕಂಪ್ಯೂಟರ್‌ನಲ್ಲೇ ಇರುವ ಸಾಫ್ಟ್‌ವೇರ್ ಬೇಕು, ಪ್ರಿಂಟರ್ ಬೇಕು, ಟೆರಾಬೈಟ್‌ಗಟ್ಟಲೆ ಫೋಟೋ ವಿಡಿಯೋ ಇದೆ, ಅಥವಾ ಅಪ್ಪನ ಕಂಪ್ಯೂಟರನ್ನು ಆಗಾಗ ಸರಿಮಾಡಿಕೊಡಬೇಕು ಅನ್ನುವವರು ಮುಂದೆ ಓದಿ.

ಮೊದಲು ಕರೆಂಟಿನ ಕಥೆ

ರಿಮೋಟ್ ಆಕ್ಸೆಸ್ ಕೈಕೊಡುವುದು ಹೆಚ್ಚಾಗಿ ಕರೆಂಟಿನಿಂದ. ಹೆಸ್ಕಾಂ, ಮೆಸ್ಕಾಂ, ಬೆಸ್ಕಾಂ, ಯಾವ ಕಡೆಯ ಊರಾದರೂ ಇರಲಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಇದ್ದೇ ಇದೆ. ಮನುಷ್ಯ ಮನೆಯಲ್ಲಿದ್ದರೆ ಬಟನ್ ಒತ್ತುತ್ತಾನೆ. ನೀವು ಇರುವುದಿಲ್ಲ. ಹಾಗಾಗಿ ಆ ಬಟನ್ ಒತ್ತುವ ಕೆಲಸವನ್ನು ಬಯಾಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲೇ ಓಡುವ ಕಂಪ್ಯೂಟರ್‌ನ ಮೂಲ ಪ್ರೋಗ್ರಾಂಗೆ, ಒಪ್ಪಿಸಬೇಕು.

ಬಯಾಸ್ ಮುಟ್ಟುವ ಮೊದಲು ಒಂದು ಎಚ್ಚರಿಕೆ. ವಿಂಡೋಸ್ 11ರಲ್ಲಿ ಎಷ್ಟೋ ಕಂಪ್ಯೂಟರ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ನಲ್ಲಿ ಇರುವುದಕ್ಕೆಲ್ಲ ಬೀಗ ಹಾಕಿಡುವ ವ್ಯವಸ್ಥೆ) ಆನ್ ಆಗಿರುತ್ತದೆ. ಬಯಾಸ್‌ನಲ್ಲಿ ಏನಾದರೂ ಬದಲಿಸಿದಾಗ ಕೆಲವೊಮ್ಮೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತಾ ನಿಂತುಬಿಡುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುವವರಿಗೆ ಸಾಮಾನ್ಯವಾಗಿ ಈ ಕೀ ಅದೇ ಅಕೌಂಟಿನೊಳಗೆ, ಡಿವೈಸ್‌ಗಳ ಪಟ್ಟಿಯಲ್ಲಿ ಇರುತ್ತದೆ. ಅದನ್ನು ಮೊದಲು ಹುಡುಕಿ, ಒಂದು ಹಾಳೆಯಲ್ಲಿ ಬರೆದು, ಆಮೇಲೆ ಬಯಾಸ್‌ಗೆ ಹೋಗಿ.

ಕಂಪ್ಯೂಟರ್ ಆನ್ ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಇದ್ದರೆ ಬಯಾಸ್ ತೆರೆಯುತ್ತದೆ. ಎಚ್‌ಪಿ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಎಫ್10. ಒಳಗೆ ಪವರ್ ಅಥವಾ ಅಡ್ವಾನ್ಸ್‌ಡ್ ಅನ್ನುವ ಕಡೆ ಹುಡುಕಿ. ಕಂಪನಿಗೊಂದು ಹೆಸರು: ‘ರಿಸ್ಟೋರ್ ಎಸಿ ಪವರ್ ಲಾಸ್’, ‘ಎಸಿ ಬ್ಯಾಕ್’, ‘ಎಸಿ ರಿಕವರಿ’, ‘ಆಫ್ಟರ್ ಪವರ್ ಲಾಸ್’. ಎಲ್ಲದರ ಅರ್ಥ ಒಂದೇ, ಕರೆಂಟ್ ವಾಪಸ್ ಬಂದಾಗ ಏನು ಮಾಡಲಿ ಅಂತ. ಅಲ್ಲಿ ‘ಪವರ್ ಆನ್’ ಆರಿಸಿ. ‘ಲಾಸ್ಟ್ ಸ್ಟೇಟ್’ ಅಂತ ಇನ್ನೊಂದು ಇರುತ್ತದೆ, ಅದು ಬೇಡ. ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲು ಕಂಪ್ಯೂಟರ್ ಶಿಸ್ತಾಗಿ ಶಟ್‌ಡೌನ್ ಆಗಿದ್ದರೆ, ಕೊನೆಯ ಸ್ಥಿತಿ ಆಫ್ ಅಂತ ನೆನಪಿಟ್ಟುಕೊಂಡು ಕರೆಂಟ್ ಬಂದ ಮೇಲೂ ಅದು ಆಫ್ ಆಗಿಯೇ ಇರುತ್ತದೆ.

‘ಪವರ್ ಆನ್’ ಇಟ್ಟರೆ ಇನ್ನೊಂದು ಲಾಭ ಇದೆ. ನೀವು ದೂರದಿಂದ ಕೆಲಸ ಮುಗಿಸಿ ಅಭ್ಯಾಸಬಲದಿಂದ ಶಟ್‌ಡೌನ್ ಒತ್ತಿಬಿಟ್ಟಿರಿ ಅನ್ನಿ. ಆಗ ಮನೆಗೆ ಫೋನ್ ಮಾಡಿ, ‘ಅಮ್ಮಾ, ಕಂಪ್ಯೂಟರ್ ಪ್ಲಗ್ ಹತ್ರ ಇರೋ ಸ್ವಿಚ್ ಆಫ್ ಮಾಡಿ, ಮೂವತ್ತು ಎಣಿಸಿ ಆನ್ ಮಾಡು’ ಅಂದರೆ ಸಾಕು. ಸಿಪಿಯು ಮೇಲಿನ ಯಾವ ಬಟನ್, ಎಷ್ಟು ಹೊತ್ತು ಒತ್ತಬೇಕು ಅಂತ ವಿವರಿಸುವ ಕಷ್ಟ ಇಲ್ಲ.

ಯುಪಿಎಸ್ ಇದ್ದರೆ ಒಳ್ಳೆಯದು, ಆದರೆ ಕಂಪ್ಯೂಟರ್‌ಗಿಂತ ಮೊದಲು ರೌಟರ್ ಬಗ್ಗೆ ಯೋಚಿಸಿ. ಫೈಬರ್ ಕಂಪನಿಯವರು ಗೋಡೆಗೆ ಹಾಕಿಹೋಗುವ ಡಬ್ಬಿ ಹೆಚ್ಚಾಗಿ 12 ವೋಲ್ಟ್ ಅಡಾಪ್ಟರ್ ಮೇಲೆ ನಡೆಯುತ್ತದೆ. ಇದಕ್ಕಂತಲೇ ಸಣ್ಣ ರೌಟರ್ ಯುಪಿಎಸ್ ಸಿಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೌಟರ್ ಇರುವ ಪಾಯಿಂಟ್ ಇನ್ವರ್ಟರ್ ಲೈನಿಗೆ ಸೇರಿದೆಯಾ ಅಂತ ನೋಡಿ. ಎಷ್ಟೋ ಮನೆಗಳಲ್ಲಿ ಹಾಲಿನ ಫ್ಯಾನು ಲೈಟು ಇನ್ವರ್ಟರ್‌ನಲ್ಲಿ ಇರುತ್ತದೆ, ರೌಟರ್ ಇರುವ ಮೂಲೆ ಮಾತ್ರ ಇರುವುದಿಲ್ಲ. ಡೆಸ್ಕ್‌ಟಾಪನ್ನೂ ಇನ್ವರ್ಟರ್‌ಗೆ ಕೊಡುವುದಾದರೆ, ಇನ್ವರ್ಟರ್‌ನಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಮಲೆನಾಡು, ಕರಾವಳಿ ಕಡೆಯವರಿಗೆ ಇನ್ನೊಂದು ವಿಷಯ ಗೊತ್ತೇ ಇದೆ. ಗುಡುಗು ಸಿಡಿಲು ಶುರುವಾದರೆ ಮನೆಯಲ್ಲಿ ಎಲ್ಲ ಪ್ಲಗ್ ಕಿತ್ತಿಡುತ್ತಾರೆ. ಕೀಳಲಿ, ಅದು ಸರಿಯಾದ ಅಭ್ಯಾಸ. ಸಿಡಿಲು ಹೊಡೆದು ಮದರ್‌ಬೋರ್ಡ್ ಸುಟ್ಟುಹೋದರೆ ನಿಮ್ಮ ರಿಮೋಟ್ ಆಕ್ಸೆಸ್ ಕಟ್ಟಿಕೊಂಡು ಏನು ಮಾಡುತ್ತೀರಿ? ಮಳೆ ನಿಂತ ಮೇಲೆ ವಾಪಸ್ ಹಾಕುವುದು ನೆನಪಿರಲಿ ಅಂತ ಹೇಳಿದರೆ ಆಯಿತು.

ಈಗ ಸ್ಲೀಪ್. ಸೆಟ್ಟಿಂಗ್ಸ್ → ಸಿಸ್ಟಮ್ → ಪವರ್‌ಗೆ ಹೋಗಿ. ಸ್ಕ್ರೀನ್ ಆಫ್ ಆಗುವುದು ಹತ್ತು ನಿಮಿಷಕ್ಕೇ ಇರಲಿ, ಅದರಿಂದ ತೊಂದರೆ ಇಲ್ಲ. ಪ್ಲಗ್ ಇನ್ ಆಗಿದ್ದಾಗ ಸ್ಲೀಪ್ ಅನ್ನುವುದನ್ನು ಮಾತ್ರ ‘ನೆವರ್’ ಮಾಡಿ. ಹೈಬರ್ನೇಟ್ ಅಂತ ಕಂಡರೆ ಅದನ್ನೂ. ಮಾನಿಟರ್ ಸ್ವಿಚ್ ಆಫ್ ಮಾಡಿಟ್ಟರೂ ನಡೆಯುತ್ತದೆ.

ಡೆಸ್ಕ್‌ಟಾಪ್ ಬದಲು ಹಳೆಯ ಲ್ಯಾಪ್‌ಟಾಪ್ ಇಟ್ಟರೆ ಹೇಗೆ? ಬ್ಯಾಟರಿ ಇರುವುದರಿಂದ ಸಣ್ಣಪುಟ್ಟ ಪವರ್ ಕಟ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಮುಚ್ಚಳ ಮುಚ್ಚಿದರೆ ‘ಡು ನಥಿಂಗ್’ ಅಂತ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಹಾಕಬೇಕು. ವರ್ಷವಿಡೀ ಚಾರ್ಜ್‌ನಲ್ಲೇ ಇದ್ದರೆ ಬ್ಯಾಟರಿ ಊದಿಕೊಳ್ಳುವ ಅಪಾಯ ಇದೆ. ಕಂಪನಿಯ ಆ್ಯಪ್‌ನಲ್ಲಿ 80% ಚಾರ್ಜ್ ಮಿತಿ ಇದ್ದರೆ ಅದನ್ನು ಆನ್ ಮಾಡಿ. ಬ್ಯಾಟರಿ ಪೂರ್ತಿ ಖಾಲಿಯಾದರೆ ಮಾತ್ರ, ಕರೆಂಟ್ ಬಂದರೂ ತಾನಾಗಿ ಎದ್ದೇಳುವ ಸೌಲಭ್ಯ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ.

ಪೋರ್ಟ್ ಫಾರ್ವರ್ಡಿಂಗ್ ಯಾಕೆ ಬೇಡ

ಹಳೆಯ ವಿಡಿಯೋಗಳಲ್ಲಿ ಒಂದು ವಿಧಾನ ಹೇಳುತ್ತಾರೆ. ರೌಟರ್ ಒಳಗೆ ಹೋಗಿ, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಅನ್ನುವ ಪೋರ್ಟ್ (ಇಂಟರ್ನೆಟ್ಟಿನಿಂದ ಒಳಗೆ ಬರುವ ಬಾಗಿಲು) ತೆರೆದು, ಅದನ್ನು ಮನೆಯ ಕಂಪ್ಯೂಟರ್‌ಗೆ ತಿರುಗಿಸಿ, ಹೊರಗಿನಿಂದ ಮನೆಯ ಐಪಿ ವಿಳಾಸಕ್ಕೆ ಕನೆಕ್ಟ್ ಆಗಿ ಅಂತ. ಇದನ್ನು ಮಾಡಲೇಬೇಡಿ.

ಒಂದನೆಯ ಕಾರಣ, ಅದು ನಮ್ಮ ಕಡೆ ಹೆಚ್ಚಾಗಿ ನಡೆಯುವುದೇ ಇಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಮುಗಿದುಹೋಗಿ ವರ್ಷಗಳಾದವು. ಹಾಗಾಗಿ ಇಂಟರ್ನೆಟ್ ಕಂಪನಿಗಳು ಒಂದೇ ಹೊರಗಿನ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತವೆ. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಹೀಗಿದೆಯಾ ಅಂತ ನೋಡುವುದು ಸುಲಭ. ರೌಟರ್‌ನ ಪುಟ ತೆರೆದು ‘ವ್ಯಾನ್ ಐಪಿ’ ಏನಿದೆ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿ. ಎರಡೂ ಬೇರೆ ಇದ್ದರೆ, ಅದರಲ್ಲೂ ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ನಿಮ್ಮ ರೌಟರ್‌ನಲ್ಲಿ ಏನೇ ತೆರೆದರೂ ಹೊರಗಿನವರಿಗೆ ಅದು ಕಾಣುವುದಿಲ್ಲ.

ಎರಡನೆಯ ಕಾರಣ ಇನ್ನೂ ಗಟ್ಟಿ. ಜಾಸ್ತಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮ್ಮ ಮನೆಗೇ ಮೀಸಲಾದ, ಬದಲಾಗದ ವಿಳಾಸ) ತೆಗೆದುಕೊಂಡರೂ 3389ನ್ನು ತೆರೆದಿಡುವುದು ತಪ್ಪು. ಇಡೀ ಇಂಟರ್ನೆಟ್ಟಿನಲ್ಲಿ ಈ ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ ಹುಡುಕುವ ಬಾಟ್‌ಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಸಿಕ್ಕ ಕಡೆ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡುತ್ತವೆ. 2019ರ ಮೇ ತಿಂಗಳಲ್ಲಿ ‘ಬ್ಲೂಕೀಪ್’ ಅನ್ನುವ ದೋಷ ಬಯಲಾದಾಗ, ಹಳೆಯ ವಿಂಡೋಸ್‌ಗಳಲ್ಲಿ ಪಾಸ್‌ವರ್ಡ್ ಕೂಡ ಇಲ್ಲದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ನುಗ್ಗಬಹುದು ಅಂತ ಗೊತ್ತಾಯಿತು. ಎಷ್ಟು ಗಂಭೀರ ಅಂದರೆ, ಬೆಂಬಲ ನಿಲ್ಲಿಸಿ ಐದು ವರ್ಷ ಆಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು.

ಹಾಗಾದರೆ ದಾರಿ? ಹೊರಗಿನವರು ಒಳಗೆ ಬರುವ ಬದಲು, ಮನೆಯ ಕಂಪ್ಯೂಟರ್ರೇ ಹೊರಗೆ ಹೋಗಿ ಒಂದು ಸರ್ವರ್ ಮೂಲಕ ನಿಮ್ಮನ್ನು ಭೇಟಿಯಾಗುವ ವ್ಯವಸ್ಥೆ. ರೌಟರ್‌ನಲ್ಲಿ ಏನೂ ತೆರೆಯಬೇಕಿಲ್ಲ. ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಅಂಥ ಎರಡು ದಾರಿ ಹೇಳುತ್ತೇನೆ. ಎರಡನೆಯದು ವಿಂಡೋಸ್ ಪ್ರೊ ಇರುವವರಿಗೆ ಮಾತ್ರ; ಪ್ರೊ ಇದ್ದರೆ ಎರಡನ್ನೂ ಹಾಕಿಡಿ. ಒಂದು ಮುನಿಸಿಕೊಂಡ ದಿನ ಇನ್ನೊಂದರಿಂದ ಒಳಗೆ ಹೋಗಿ ಅದನ್ನು ರಿಪೇರಿ ಮಾಡಬಹುದು.

ದಾರಿ ಒಂದು: ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್

ವಿಂಡೋಸ್ ಹೋಮ್ ಇರುವವರಿಗೆ ಇದೇ ಸುಲಭದ ದಾರಿ. ನಿಮ್ಮದು ಹೋಮ್ ಅಥವಾ ಪ್ರೊ ಅನ್ನುವುದು ಸೆಟ್ಟಿಂಗ್ಸ್ → ಸಿಸ್ಟಮ್ → ಅಬೌಟ್‌ನಲ್ಲಿ ಇರುತ್ತದೆ.

ಮೊದಲು ಗೂಗಲ್ ಅಕೌಂಟನ್ನು ಗಟ್ಟಿ ಮಾಡಿ. ಇನ್ನು ಮೇಲೆ ಈ ಅಕೌಂಟ್ ಕೈಗೆ ಸಿಕ್ಕವನು ಮನೆಯ ಕಂಪ್ಯೂಟರ್‌ನ ಹೊಸ್ತಿಲವರೆಗೆ ಬಂದ ಹಾಗೆ. ಟೂ-ಸ್ಟೆಪ್ ವೆರಿಫಿಕೇಷನ್ ಆನ್ ಇರಲಿ. ವಿದೇಶದಲ್ಲಿ ಇರುವವರು ಬರೀ ಎಸ್‌ಎಂಎಸ್ ಓಟಿಪಿ ನಂಬಿಕೊಳ್ಳಬೇಡಿ. ಭಾರತದ ಸಿಮ್‌ಗೆ ರೋಮಿಂಗ್ ಇಲ್ಲದ ದಿನವೇ ಓಟಿಪಿ ಕೇಳುತ್ತದೆ. ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ಮಾಡಿ ಪಾಸ್‌ಪೋರ್ಟ್ ಜೊತೆ ಇಡಿ.

ಆಮೇಲೆ ಹೀಗೆ ಮಾಡಿ:

1. ಮನೆಯ ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು, ಆ ಗೂಗಲ್ ಅಕೌಂಟಿನಿಂದ ಲಾಗಿನ್ ಆಗಿ, ರಿಮೋಟ್‌ಡೆಸ್ಕ್‌ಟಾಪ್ ಡಾಟ್ ಗೂಗಲ್ ಡಾಟ್ ಕಾಮ್‌ಗೆ ಹೋಗಿ. ವಿಳಾಸ ನೀವೇ ಟೈಪ್ ಮಾಡಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ.
2. ‘ರಿಮೋಟ್ ಆಕ್ಸೆಸ್’ ಭಾಗದಲ್ಲಿ ಸೆಟಪ್ ಶುರು ಮಾಡಿ. ಅದು ಕೊಡುವ ಫೈಲನ್ನು ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡಿ.
3. ಕಂಪ್ಯೂಟರ್‌ಗೆ ಒಂದು ಹೆಸರು ಕೊಡಿ.
4. ಪಿನ್ ಕೇಳುತ್ತದೆ. ಕನಿಷ್ಠ 6 ಅಂಕಿ. ಹುಟ್ಟಿದ ದಿನ, ಗಾಡಿ ನಂಬರ್, ಮನೆಯ ಪಿನ್‌ಕೋಡ್ ಬೇಡ. ಹತ್ತು ಹನ್ನೆರಡು ಅಂಕಿ ಇಟ್ಟರೂ ಅದು ಒಪ್ಪುತ್ತದೆ.
5. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದೇ ಅಕೌಂಟಿನಿಂದ ಅದೇ ವಿಳಾಸಕ್ಕೆ ಹೋದರೆ ಮನೆಯ ಕಂಪ್ಯೂಟರ್ ಹೆಸರು ಕಾಣುತ್ತದೆ. ಒತ್ತಿ, ಪಿನ್ ಹಾಕಿ. ಫೋನಿಗೆ ಇದೇ ಹೆಸರಿನ ಆ್ಯಪ್ ಇದೆ.

ಇದು ವಿಂಡೋಸ್ ಸರ್ವಿಸ್ ಆಗಿ ಓಡುವುದರಿಂದ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಲಾಗಿನ್ ಸ್ಕ್ರೀನ್‌ನಲ್ಲಿ ನಿಂತಿದ್ದರೂ ಕನೆಕ್ಟ್ ಆಗಬಹುದು. ಅಲ್ಲಿಂದ ನಿಮ್ಮ ವಿಂಡೋಸ್ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ. ಪಾಸ್‌ವರ್ಡ್ ಇಲ್ಲದೆ ತಾನಾಗಿ ಲಾಗಿನ್ ಆಗುವ ಹಾಗೆ ಮಾಡುವ ಅಗತ್ಯವೇ ಇಲ್ಲ, ಮಾಡಲೂಬೇಡಿ. ವಿಂಡೋಸ್ ಅಪ್‌ಡೇಟ್ ರಾತ್ರಿ ರೀಸ್ಟಾರ್ಟ್ ಮಾಡಿದರೂ ಹೆದರಬೇಕಿಲ್ಲ, ಸೇವ್ ಮಾಡದ ಕೆಲಸ ಮಾತ್ರ ಹೋಗುತ್ತದೆ.

ಒಂದು ಗುಣ ನೆನಪಿರಲಿ. ಈ ದಾರಿಯಲ್ಲಿ ನೀವು ಮಾಡುವುದೆಲ್ಲ ಮನೆಯ ಮಾನಿಟರ್ ಮೇಲೂ ಕಾಣುತ್ತದೆ. ಅಪ್ಪನಿಗೆ ಏನೋ ತೋರಿಸಿಕೊಡಲು ಇದು ಬಹಳ ಒಳ್ಳೆಯದು. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವಾಗ ಅಷ್ಟು ಒಳ್ಳೆಯದಲ್ಲ.

ದಾರಿ ಎರಡು: ಟೈಲ್‌ಸ್ಕೇಲ್ ಮತ್ತು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್

ಪ್ರೊ ಇರುವವರಿಗೆ ನನ್ನ ಓಟು ಇದಕ್ಕೇ. ಹೋಮ್‌ನಿಂದ ಬೇರೆ ಕಂಪ್ಯೂಟರ್‌ಗೆ ಹೋಗಬಹುದು, ಆದರೆ ಹೋಮ್ ಇರುವ ಕಂಪ್ಯೂಟರ್‌ಗೆ ಈ ರಿಮೋಟ್ ಡೆಸ್ಕ್‌ಟಾಪ್‌ನಿಂದ ಬರಲು ಮೈಕ್ರೋಸಾಫ್ಟ್ ಬಿಡುವುದಿಲ್ಲ. ಅದನ್ನು ದಾಟುವ ‘ಪ್ಯಾಚ್’ಗಳು ಅಂತ ಸಿಗುತ್ತವೆ. ಮನೆಯ ಕಂಪ್ಯೂಟರ್‌ಗೆ ಯಾರೋ ಬರೆದ ಪ್ಯಾಚ್ ಹಾಕಿ ಅದನ್ನು ದೂರದಿಂದ ಬಳಸುವ ಧೈರ್ಯ ನನಗಂತೂ ಇಲ್ಲ.

ಇದು ಎರಡು ತುಂಡಿನ ವ್ಯವಸ್ಥೆ. ಟೈಲ್‌ಸ್ಕೇಲ್ ಅನ್ನುವುದು ನಿಮ್ಮ ಮನೆ ಕಂಪ್ಯೂಟರ್, ಲ್ಯಾಪ್‌ಟಾಪ್, ಫೋನ್ ಇಷ್ಟನ್ನೇ ಸೇರಿಸಿ ಒಂದು ಖಾಸಗಿ ನೆಟ್‌ವರ್ಕ್ ಮಾಡುತ್ತದೆ. ಒಳಗೆ ಕೆಲಸ ಮಾಡುವುದು ವೈರ್‌ಗಾರ್ಡ್ ಅನ್ನುವ ವಿಪಿಎನ್. ಸ್ವಂತ ಬಳಕೆಗೆ ಉಚಿತ. ಅದರ ಮೇಲೆ ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಓಡುತ್ತದೆ.

ಮನೆಯ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ → ಸಿಸ್ಟಮ್ → ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ. ಅದರ ಕೆಳಗಿನ ‘ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್’ ಟಿಕ್ ಹಾಗೇ ಇರಲಿ. ಪಾಸ್‌ವರ್ಡ್ ಇಲ್ಲದ ಅಕೌಂಟ್ ಆಗಿದ್ದರೆ ಒಂದು ಉದ್ದದ ಪಾಸ್‌ವರ್ಡ್ ಹಾಕಿ, ಖಾಲಿ ಪಾಸ್‌ವರ್ಡ್‌ನಲ್ಲಿ ಇದು ನಡೆಯುವುದಿಲ್ಲ.

ಟೈಲ್‌ಸ್ಕೇಲ್ ಇನ್‌ಸ್ಟಾಲ್ ಮಾಡಿ ಗೂಗಲ್ ಅಥವಾ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ. ಇಲ್ಲಿ ಎರಡು ಸೆಟ್ಟಿಂಗ್ ಇವೆ. ಇವೆರಡನ್ನು ಬಿಟ್ಟವರು ಮುಂದೆ ಒಂದಲ್ಲ ಒಂದು ದಿನ ಹೊರಗೆ ನಿಲ್ಲುವುದು ಗ್ಯಾರಂಟಿ.

ಮೊದಲನೆಯದು ‘ರನ್ ಅನ್‌ಅಟೆಂಡೆಡ್’. ಕೆಳಗಿನ ಪಟ್ಟಿಯಲ್ಲಿ ಗಡಿಯಾರದ ಪಕ್ಕ ಇರುವ ಟೈಲ್‌ಸ್ಕೇಲ್ ಐಕಾನ್ ಒತ್ತಿ, ಪ್ರಿಫರೆನ್ಸಸ್‌ನಲ್ಲಿ ಇದನ್ನು ಆನ್ ಮಾಡಿ. ಇಲ್ಲದಿದ್ದರೆ ಯಾರಾದರೂ ವಿಂಡೋಸ್‌ಗೆ ಲಾಗಿನ್ ಆಗುವವರೆಗೆ ಟೈಲ್‌ಸ್ಕೇಲ್ ಕನೆಕ್ಟ್ ಆಗುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಲಾಗಿನ್ ಆಗುವವರು ಯಾರು? ನೀವೇ. ನೀವು ಲಾಗಿನ್ ಆಗಬೇಕಾದರೆ ಟೈಲ್‌ಸ್ಕೇಲ್ ಬೇಕು. ಅಲ್ಲಿಗೆ ಕಥೆ ಮುಗಿಯಿತು.

ಎರಡನೆಯದು ಕೀ ಎಕ್ಸ್‌ಪೈರಿ. ಸಾಮಾನ್ಯವಾಗಿ 180 ದಿನಕ್ಕೊಮ್ಮೆ ಪ್ರತಿ ಸಾಧನವೂ ಮತ್ತೆ ಲಾಗಿನ್ ಕೇಳುತ್ತದೆ. ಕೈಯಲ್ಲಿರುವ ಫೋನಿಗೆ ಅದು ಸರಿ. ಊರಿನಲ್ಲಿರುವ ಕಂಪ್ಯೂಟರ್‌ಗೆ ಸರಿಹೋಗುವುದಿಲ್ಲ. ಬ್ರೌಸರ್‌ನಲ್ಲಿ ಟೈಲ್‌ಸ್ಕೇಲ್‌ನ ಅಡ್ಮಿನ್ ಪುಟ ತೆರೆದು, ಮಷೀನ್ಸ್ ಪಟ್ಟಿಯಲ್ಲಿ ಮನೆಯ ಕಂಪ್ಯೂಟರ್ ಮುಂದಿನ ಮೂರು ಚುಕ್ಕಿ ಒತ್ತಿ, ‘ಡಿಸೇಬಲ್ ಕೀ ಎಕ್ಸ್‌ಪೈರಿ’ ಆರಿಸಿ. ಮನೆಯ ಕಂಪ್ಯೂಟರ್‌ಗೆ ಮಾತ್ರ ಮಾಡಿ, ಫೋನಿಗೂ ಲ್ಯಾಪ್‌ಟಾಪ್‌ಗೂ ಬೇಡ.

ಈಗ ಲ್ಯಾಪ್‌ಟಾಪ್ ಮತ್ತು ಫೋನಿಗೂ ಟೈಲ್‌ಸ್ಕೇಲ್ ಹಾಕಿ, ಅದೇ ಅಕೌಂಟಿನಿಂದ ಲಾಗಿನ್ ಆಗಿ. ಪಟ್ಟಿಯಲ್ಲಿ ಮನೆಯ ಕಂಪ್ಯೂಟರ್‌ಗೆ 100 ಅಂತ ಶುರುವಾಗುವ ಒಂದು ವಿಳಾಸ ಇರುತ್ತದೆ. ಮನೆಯ ಇಂಟರ್ನೆಟ್ ಕಂಪನಿ ಬದಲಾದರೂ ಆ ವಿಳಾಸ ಬದಲಾಗುವುದಿಲ್ಲ. ಲ್ಯಾಪ್‌ಟಾಪ್‌ನ ಸ್ಟಾರ್ಟ್ ಮೆನುವಿನಲ್ಲಿ ‘ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್’ ಹುಡುಕಿ, ಆ ವಿಳಾಸ ಹಾಕಿ, ವಿಂಡೋಸ್ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೊಡಿ. ಫೋನಿನಲ್ಲಾದರೆ ಮೈಕ್ರೋಸಾಫ್ಟ್‌ನ ‘ವಿಂಡೋಸ್ ಆ್ಯಪ್’ ಹಾಕಿಕೊಳ್ಳಿ.

ಇಲ್ಲಿ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ದಿನಾ ಕಂಪ್ಯೂಟರ್ ಮುಂದೆ ಕೂತು ಹಾಕುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಆಗಿದ್ದರೆ ಇಮೇಲ್ ಮತ್ತು ಆ ಅಕೌಂಟಿನ ಪೂರ್ತಿ ಪಾಸ್‌ವರ್ಡ್ ಬೇಕು. ಅದು ಸರಿಯಿದ್ದರೂ ತಪ್ಪು ಅಂತ ಹೇಳುತ್ತಿದ್ದರೆ, ಮನೆಯ ಕಂಪ್ಯೂಟರ್‌ನಲ್ಲಿ ಅಕೌಂಟ್ಸ್ → ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ, ವಿಂಡೋಸ್ ಹೆಲೋ (ಪಿನ್, ಮುಖ, ಬೆರಳಚ್ಚಿನ ಲಾಗಿನ್) ಮಾತ್ರ ಬಳಸು ಅನ್ನುವ ಸ್ವಿಚ್ ಆಫ್ ಮಾಡಿ. ಕಂಪ್ಯೂಟರ್ ಲಾಕ್ ಮಾಡಿ, ಒಂದು ಸಲ ಪಿನ್ ಬದಲು ಪಾಸ್‌ವರ್ಡ್‌ನಿಂದಲೇ ಒಳಗೆ ಹೋಗಿ. ಹೆಚ್ಚಾಗಿ ಅಲ್ಲಿಗೆ ಸರಿಹೋಗುತ್ತದೆ. ಸುಮ್ನೆ ಪಾಸ್‌ವರ್ಡ್ ಹಾಕುತ್ತಾ ಹೋಗಬೇಡಿ. ಹೊಸ ವಿಂಡೋಸ್ 11ರಲ್ಲಿ 10 ಸಲ ತಪ್ಪಿದರೆ 10 ನಿಮಿಷ ಅಕೌಂಟ್ ಲಾಕ್ ಆಗುತ್ತದೆ.

ಈ ದಾರಿಯಲ್ಲಿ ನೀವು ಕನೆಕ್ಟ್ ಆದಾಗ ಮನೆಯ ಮಾನಿಟರ್ ಲಾಕ್ ಸ್ಕ್ರೀನ್ ತೋರಿಸುತ್ತದೆ. ಮನೆಯಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಅವರು ಹೊರಗೆ ಬೀಳುತ್ತಾರೆ. ಮೊದಲು ಒಂದು ಫೋನ್ ಮಾಡಿ ಕೇಳುವುದು ಮರ್ಯಾದೆ. ಕೆಲಸ ಮುಗಿದ ಮೇಲೆ ಶಟ್‌ಡೌನ್ ಅಲ್ಲ, ‘ಡಿಸ್ಕನೆಕ್ಟ್’ ಒತ್ತಿ.

ಇನ್ನೂ ಬಿಗಿ ಮಾಡಬೇಕು ಅನ್ನುವವರು ವಿಂಡೋಸ್ ಡಿಫೆಂಡರ್ ಫೈರ್‌ವಾಲ್‌ನ ಅಡ್ವಾನ್ಸ್‌ಡ್ ಪುಟದಲ್ಲಿ, ಇನ್‌ಬೌಂಡ್ ರೂಲ್ಸ್ ಒಳಗೆ ‘ರಿಮೋಟ್ ಡೆಸ್ಕ್‌ಟಾಪ್ - ಯೂಸರ್ ಮೋಡ್’ ಅಂತ ಇರುವ ಎರಡು ರೂಲ್ ತೆರೆದು, ಸ್ಕೋಪ್ ಟ್ಯಾಬ್‌ನಲ್ಲಿ ರಿಮೋಟ್ ಐಪಿ ಜಾಗಕ್ಕೆ 100.64.0.0/10 ಹಾಕಿ. ಆಮೇಲೆ ಮನೆಯ ವೈಫೈಗೆ ಸೇರಿದ ಯಾರದೋ ಫೋನಿನಿಂದಲೂ ಇದಕ್ಕೆ ಬಡಿಯಲು ಆಗುವುದಿಲ್ಲ, ಟೈಲ್‌ಸ್ಕೇಲ್ ಒಳಗಿರುವ ಸಾಧನಗಳಿಗೆ ಮಾತ್ರ ಪ್ರವೇಶ.

ಕೆಲಸಕ್ಕೆ ಕೂತಾಗ

ಫೈಲ್ ಸಾಗಿಸಲು, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ನಲ್ಲಿ ‘ಶೋ ಆಪ್ಷನ್ಸ್’ ಒತ್ತಿ, ‘ಲೋಕಲ್ ರಿಸೋರ್ಸಸ್’ ಒಳಗೆ ನಿಮ್ಮ ಡ್ರೈವ್ ಟಿಕ್ ಮಾಡಿ. ಮನೆಯ ಕಂಪ್ಯೂಟರ್‌ನ ‘ದಿಸ್ ಪಿಸಿ’ಯಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಡ್ರೈವ್ ಕಾಣುತ್ತದೆ. ಕಾಪಿ ಪೇಸ್ಟ್ ಕೂಡ ನಡೆಯುತ್ತದೆ. ಕ್ರೋಮ್ ದಾರಿಯಲ್ಲಾದರೆ ಬಲಗಡೆಯ ಪಟ್ಟಿಯಲ್ಲಿ ಅಪ್‌ಲೋಡ್, ಡೌನ್‌ಲೋಡ್ ಇದೆ.

ಕನ್ನಡದ ಡಿಟಿಪಿ ಕೆಲಸ ಮಾಡುವವರಿಗೆ ಈ ವ್ಯವಸ್ಥೆಯಿಂದ ಒಂದು ದೊಡ್ಡ ಉಪಕಾರ ಇದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ ಅಲ್ವಾ? ದೂರದಿಂದ ಮನೆಯ ಕಂಪ್ಯೂಟರ್‌ನಲ್ಲೇ ತೆರೆದರೆ ಫಾಂಟ್ ಅಲ್ಲೇ ಇರುತ್ತದೆ, ಹಾಗಾಗಿ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಟೈಪ್ ಮಾಡುವಾಗ ಎದುರಿಗಿರುವ ಲ್ಯಾಪ್‌ಟಾಪ್‌ನ ಕೀಬೋರ್ಡನ್ನು ಇಂಗ್ಲಿಷ್‌ನಲ್ಲೇ ಬಿಡಿ. ಕನ್ನಡಕ್ಕೆ ತಿರುಗಿಸುವ ಕೆಲಸ ಮನೆಯ ಕಂಪ್ಯೂಟರ್‌ನ ನುಡಿ ಮಾಡಲಿ. ಎರಡೂ ಕಡೆ ಕನ್ನಡ ಆನ್ ಮಾಡಿದರೆ ಅಕ್ಷರಗಳು ಅಧ್ವಾನ ಆಗುತ್ತವೆ.

ನಿಧಾನ ಅನ್ನಿಸಿದರೆ ‘ಎಕ್ಸ್‌ಪೀರಿಯೆನ್ಸ್’ ಟ್ಯಾಬ್‌ನಲ್ಲಿ ವಾಲ್‌ಪೇಪರ್, ಅನಿಮೇಷನ್ ತೆಗೆದುಬಿಡಿ, ‘ಡಿಸ್‌ಪ್ಲೇ’ಯಲ್ಲಿ ಬಣ್ಣ 16 ಬಿಟ್‌ಗೆ ಇಳಿಸಿ. ಮನೆಯ ಕಡೆ ಮುಖ್ಯವಾಗುವುದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ವೇಗ. ಸಾಧ್ಯವಾದರೆ ಡೆಸ್ಕ್‌ಟಾಪ್‌ಗೆ ವೈಫೈ ಬದಲು ಲ್ಯಾನ್ ಕೇಬಲ್ ಹಾಕಿ.

ಹೊರಡುವ ಮೊದಲು ಪರೀಕ್ಷೆ

ಮನೆಯ ವೈಫೈನಲ್ಲೇ ಕೂತು ಕನೆಕ್ಟ್ ಆಯಿತು ಅಂತ ಖುಷಿಪಡಬೇಡಿ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಮಾಡಿ. ಎರಡೂ ದಾರಿಯಿಂದ ಒಳಗೆ ಹೋಗಿ ನೋಡಿ.

ಆಮೇಲೆ ಎಲ್ಲ ಫೈಲು ಸೇವ್ ಮಾಡಿ, ಎಲ್ಲವನ್ನೂ ಮುಚ್ಚಿ, ದೊಡ್ಡ ಪರೀಕ್ಷೆ ಮಾಡಿ. ಕಂಪ್ಯೂಟರ್ ಶಟ್‌ಡೌನ್ ಮಾಡಿ. ಮೇನ್ ಸ್ವಿಚ್ ಇಳಿಸಿ. ಯುಪಿಎಸ್, ಇನ್ವರ್ಟರ್ ಇದ್ದರೆ ಅವನ್ನೂ ಆಫ್ ಮಾಡಿ. ಕರೆಂಟ್ ನಿಜವಾಗಿಯೂ ಪೂರ್ತಿ ಹೋಗಬೇಕು. ಒಂದು ನಿಮಿಷ ಬಿಟ್ಟು ಒಂದೊಂದಾಗಿ ಆನ್ ಮಾಡಿ. ಈಗ ಏನನ್ನೂ ಮುಟ್ಟದೆ ನೋಡುತ್ತಾ ನಿಲ್ಲಿ. ಸಿಪಿಯು ಫ್ಯಾನ್ ಸದ್ದು ತಾನಾಗಿ ಶುರುವಾಗಬೇಕು. ರೌಟರ್ ಮೇಲೆ ಮೊದಲು ಪವರ್ ಲೈಟ್ ಹತ್ತುತ್ತದೆ. ‘ಪಾನ್’ ಅನ್ನುವ ಹಸಿರು ಲೈಟ್ ಸ್ವಲ್ಪ ಹೊತ್ತು ಮಿಣುಕಿ, ಆಮೇಲೆ ನಿಲ್ಲುತ್ತದೆ. ‘ಲಾಸ್’ ಅನ್ನುವ ಕಡೆ ಕೆಂಪು ಮಿಣುಕುತ್ತಾ ಉಳಿದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಅಂತ ಅರ್ಥ. ಎಲ್ಲ ಸ್ಥಿರವಾದ ಮೇಲೆ ಐದು ನಿಮಿಷ ಬಿಟ್ಟು, ಕಂಪ್ಯೂಟರ್‌ಗೆ ಯಾರೂ ಲಾಗಿನ್ ಆಗದೆ, ಫೋನಿನ ಮೊಬೈಲ್ ಡೇಟಾದಿಂದ ಕನೆಕ್ಟ್ ಆಗಿ. ಲಾಗಿನ್ ಸ್ಕ್ರೀನ್ ಬಂತಾ? ಹಾಗಾದರೆ ನೀವು ಊರಿನಿಂದ ಹೊರಡಬಹುದು. ಬರಲಿಲ್ಲವಾ? ಹೆಚ್ಚಾಗಿ ಬಯಾಸ್ ಸೆಟ್ಟಿಂಗ್ ಸೇವ್ ಆಗಿಲ್ಲ, ಇಲ್ಲವೇ ‘ರನ್ ಅನ್‌ಅಟೆಂಡೆಡ್’ ಬಿಟ್ಟುಹೋಗಿದೆ.

ರಾತ್ರಿಯಿಡೀ ಮುಟ್ಟದೆ ಬಿಟ್ಟು ಬೆಳಿಗ್ಗೆ ಹಾಸಿಗೆಯಿಂದಲೇ ಇನ್ನೊಮ್ಮೆ ನೋಡಿ. ಸ್ಲೀಪ್ ಸೆಟ್ಟಿಂಗ್ ತಪ್ಪಿದ್ದರೆ ಆಗ ಗೊತ್ತಾಗುತ್ತದೆ.

ಮನೆಯವರಿಗೆ ಹೇಳಬೇಕಾದ್ದು

ಇದು ತಾಂತ್ರಿಕ ವಿಷಯದಷ್ಟೇ ಮುಖ್ಯ. ಇಲ್ಲೊಂದು ಅಪಾಯ ಇದೆ. ಮಗ ದೂರದಿಂದ ಕಂಪ್ಯೂಟರ್ ನಡೆಸುವುದನ್ನು ನೋಡಿದ ಅಪ್ಪನಿಗೆ, ‘ಸರ್, ಬ್ಯಾಂಕಿನಿಂದ ಮಾತಾಡ್ತಿದೀವಿ, ಒಂದು ಆ್ಯಪ್ ಹಾಕಿ, ನಾವೇ ಸರಿಮಾಡ್ತೀವಿ’ ಅಂತ ಫೋನ್ ಬಂದರೆ ಅದು ವಿಚಿತ್ರ ಅನ್ನಿಸುವುದಿಲ್ಲ. 2019ರ ಫೆಬ್ರುವರಿಯಲ್ಲೇ ರಿಸರ್ವ್ ಬ್ಯಾಂಕ್ ಇಂಥ ಮೋಸದ ಬಗ್ಗೆ ಎಚ್ಚರಿಸಿತ್ತು. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ಅದು ತೋರಿಸುವ ಕೋಡ್ ಕೇಳಿ, ಫೋನಿನ ಹಿಡಿತ ತೆಗೆದುಕೊಂಡು ದುಡ್ಡು ದೋಚುತ್ತಿದ್ದರು. ಆ್ಯಪ್‌ನ ತಪ್ಪಲ್ಲ ಅದು, ಕೋಡ್ ಕೊಟ್ಟದ್ದರಿಂದ ಆದ ಅನಾಹುತ. ಹಾಗಾಗಿ ಮನೆಯಲ್ಲಿ ಒಂದು ನಿಯಮ ಮಾಡಿ: ನಾನು ಯಾವತ್ತೂ ನಿಮ್ಮಿಂದ ಕೋಡ್ ಕೇಳುವುದಿಲ್ಲ, ಕೇಳಿದವನು ಕಳ್ಳ. ಏನಾದರೂ ಆಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಸಿಪಿಯು ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ. ನೀವು ಫೋನ್ ಮಾಡಿದಾಗ ಏನು ನೋಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಇರಲಿ: ರೌಟರ್‌ನಲ್ಲಿ ಕೆಂಪು ಲೈಟ್ ಇದೆಯಾ, ಸಿಪಿಯು ಲೈಟ್ ಹತ್ತಿದೆಯಾ, ಯಾವ ಸ್ವಿಚ್ ಆಫ್ ಮಾಡಿ ಆನ್ ಮಾಡಬೇಕು, ಇಂಟರ್ನೆಟ್ ಕಂಪನಿಯವರ ನಂಬರ್. ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬರೆಯಬೇಡಿ.

ಸಿಗದೇ ಹೋದಾಗ

ಮನೆಯಲ್ಲಿ ಒಂದು ಹಳೆಯ ಆಂಡ್ರಾಯ್ಡ್ ಫೋನ್ ಇದ್ದರೆ ಅದಕ್ಕೂ ಟೈಲ್‌ಸ್ಕೇಲ್ ಹಾಕಿ, ಮನೆಯ ವೈಫೈಗೆ ಸೇರಿಸಿ ಇಡಿ. ನಿಮ್ಮ ಪಟ್ಟಿಯಲ್ಲಿ ಆ ಫೋನ್ ಆನ್‌ಲೈನ್ ಇದ್ದು ಕಂಪ್ಯೂಟರ್ ಇಲ್ಲದಿದ್ದರೆ ಇಂಟರ್ನೆಟ್ ಸರಿಯಾಗಿದೆ, ಕಂಪ್ಯೂಟರ್ ಆಫ್ ಆಗಿದೆ. ಎರಡೂ ಆಫ್‌ಲೈನ್ ಆಗಿದ್ದರೆ ಕರೆಂಟ್ ಅಥವಾ ಫೈಬರ್. ಯಾರಿಗೆ ಫೋನ್ ಮಾಡಬೇಕು ಅನ್ನುವುದು ಅಲ್ಲಿಗೇ ತೀರ್ಮಾನ ಆಗುತ್ತದೆ. ಕಂಪ್ಯೂಟರ್ ಆನ್‌ಲೈನ್ ತೋರಿಸುತ್ತಿದೆ, ರಿಮೋಟ್ ಡೆಸ್ಕ್‌ಟಾಪ್ ಮಾತ್ರ ತೆರೆಯುತ್ತಿಲ್ಲ ಅಂದರೆ ಪಾಸ್‌ವರ್ಡ್ ಅಥವಾ ಫೈರ್‌ವಾಲ್. ಆಗ ಕ್ರೋಮ್ ದಾರಿಯಿಂದ ಒಳಗೆ ಹೋಗಿ ನೋಡಿ.

ದಿನವಿಡೀ ಕಂಪ್ಯೂಟರ್ ಆನ್ ಇಡುವುದು ಇಷ್ಟವಿಲ್ಲದವರಿಗೆ ‘ವೇಕ್ ಆನ್ ಲ್ಯಾನ್’ ಇದೆ. ಅದೇ ಮನೆಯ ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಸಾಧನ ಒಂದು ಸಂದೇಶ ಕಳಿಸಿ ಮಲಗಿದ ಕಂಪ್ಯೂಟರನ್ನು ಎಬ್ಬಿಸುತ್ತದೆ. ಅದಕ್ಕೆ ಲ್ಯಾನ್ ಕೇಬಲ್ ಬೇಕು, ಬಯಾಸ್‌ನಲ್ಲಿ ಆನ್ ಮಾಡಬೇಕು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು, ಸಂದೇಶ ಕಳಿಸಲು ಮನೆಯಲ್ಲಿ ಸದಾ ಎಚ್ಚರ ಇರುವ ಒಂದು ಸಾಧನ ಬೇಕು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡಿರುವವರು ಮಾಡಲಿ. ಉಳಿದವರಿಗೆ ಅಮ್ಮನಿಗೆ ಫೋನ್ ಮಾಡುವುದೇ ಸುಲಭ.

ಮ್ಯಾಕ್ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಶೇರಿಂಗ್‌ನಲ್ಲಿ ‘ಸ್ಕ್ರೀನ್ ಶೇರಿಂಗ್’ ಆನ್ ಮಾಡಿ ಟೈಲ್‌ಸ್ಕೇಲ್ ಜೊತೆ ಬಳಸಬಹುದು. ಲಿನಕ್ಸ್‌ನವರಿಗೆ ಎಸ್‌ಎಸ್‌ಎಚ್ ಇದೆ, ಅವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಇನ್ನೂ ವಿಂಡೋಸ್ 10ರಲ್ಲೇ ಇರುವವರು ಗಮನಿಸಿ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸೆಕ್ಯುರಿಟಿ ಅಪ್‌ಡೇಟ್ ಬಾರದ ಕಂಪ್ಯೂಟರನ್ನು ಈ ಕೆಲಸಕ್ಕೆ ಇಡಬೇಡಿ.

ಆಫೀಸಿನ ಲ್ಯಾಪ್‌ಟಾಪ್‌ನಿಂದ ಮನೆಗೆ ಕನೆಕ್ಟ್ ಆಗುವ ಮೊದಲು ಕಂಪನಿಯ ಐಟಿಯವರನ್ನು ಕೇಳಿ. ಎಷ್ಟೋ ಕಂಪನಿಗಳಲ್ಲಿ ಇದು ನಿಷಿದ್ಧ. ಸೈಬರ್ ಸೆಂಟರ್ ಕಂಪ್ಯೂಟರ್‌ನಿಂದ ಅಂತೂ ಬೇಡವೇ ಬೇಡ.

ಕೆಲವು ತಿಂಗಳಿಗೊಮ್ಮೆ ಟೈಲ್‌ಸ್ಕೇಲ್‌ನ ಮಷೀನ್ಸ್ ಪಟ್ಟಿ ಮತ್ತು ಗೂಗಲ್ ಅಕೌಂಟಿನ ‘ಯುವರ್ ಡಿವೈಸಸ್’ ಪುಟ ನೋಡಿ. ಮಾರಿದ ಫೋನ್, ಕಳೆದುಹೋದ ಫೋನ್, ಯಾವುದು ಅಂತ ನೆನಪಾಗದ ಸಾಧನ ಕಂಡರೆ ತೆಗೆದುಹಾಕಿ. ಫೋನ್ ಕಳೆದ ದಿನವಾದರೆ ಸಿಮ್ ಬ್ಲಾಕ್ ಮಾಡಿಸಿದ ತಕ್ಷಣದ ಕೆಲಸ ಇದೇ ಆಗಲಿ. ಊರಿಗೇ ವಾಪಸ್ ಬಂದು ನೆಲೆಸಿದಿರಿ, ಇನ್ನು ಇದು ಬೇಡ ಅನ್ನಿಸಿದರೆ, ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆಫ್ ಮಾಡಿ, ಕ್ರೋಮ್ ಪುಟದಲ್ಲಿ ಕಂಪ್ಯೂಟರ್ ಹೆಸರಿನ ಮುಂದೆ ಇರುವ ಗುರುತು ಒತ್ತಿ ಅಳಿಸಿ, ಎರಡೂ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿ. ಬಯಾಸ್‌ನ ‘ಪವರ್ ಆನ್’ ಸೆಟ್ಟಿಂಗನ್ನೂ ಮೊದಲಿದ್ದ ಹಾಗೆ ಮಾಡಿ, ಇಲ್ಲದಿದ್ದರೆ ನಡುರಾತ್ರಿ ಕರೆಂಟ್ ಬಂದಾಗಲೆಲ್ಲ ಕಂಪ್ಯೂಟರ್ ಎದ್ದು ಕೂರುತ್ತದೆ.